ಬಿಲ್ಲಿಲ್ಲದ ಬಾಬತ್ತು

ನಮ್ಮ ಕಾಲೇಜಿನ ಮ್ಯಾನೇಜರರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಬರುವ ಕಥೆಯಲ್ಲಿ ಅವರು ಅಲ್ಲಲ್ಲಿ ದುರ್ಯೋಧನನ ಹಾಗೆ ಕಂಡಾರು. ನಿಜವಾಗಿ ಅವರು ವಿದುರನ ಪೈಕಿ. ಮೂವತ್ತು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಆಡಿಟ್ ಆಕ್ಷೇಪಣೆ ಉಳಿಸಿಕೊಳ್ಳದ ಮನುಷ್ಯ. ಹೊಸ ಪೊರಕೆ ಬೇಕೆಂದರೆ ಹಳೆಯ ಪೊರಕೆಯ ಬುಡ ತಂದು ತೋರಿಸಬೇಕು. ಟ್ಯೂಬ್‌ಲೈಟ್ ಬೇಕೆಂದರೆ ಸುಟ್ಟದ್ದನ್ನು ಒಪ್ಪಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಅಂಥವರ ಮೇಜಿನ ಮೇಲೆ, 2012ರ ಗೌರಿ ಹಬ್ಬ ಕಳೆದ ವಾರ, ಗ್ರಂಥಪಾಲಕನಾದ ನಾನು ಸೊನ್ನೆ ರೂಪಾಯಿಯ ಒಂದು ಫೈಲು ಇಟ್ಟೆ.

"ಏನ್ರೀ ಇದು?"

"ಲೈಬ್ರರಿ ಸಾಫ್ಟ್‌ವೇರ್ ಸಾರ್. ಕೋಹಾ ಅಂತ."

"ಎಷ್ಟಾಗುತ್ತೆ?"

"ಏನೂ ಆಗಲ್ಲ ಸಾರ್."

"ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ. ನಾವೇ ಇಳಿಸಿಕೋಬಹುದು."

"ಅಲ್ರೀ, ಅದು ಯಾರದು?"

"ಯಾರೊಬ್ಬರದೂ ಅಲ್ಲ ಸಾರ್. ಎಲ್ಲರದೂ."

ಮ್ಯಾನೇಜರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಎದುರಿಗಿರುವವನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಬರಿಗಣ್ಣಿನಲ್ಲಿ ಪರೀಕ್ಷಿಸುತ್ತಿದ್ದಾರೆ ಎಂದರ್ಥ. ಆಮೇಲೆ ಬಲು ಮೃದುವಾಗಿ ಕೇಳಿದರು: "ಬಿಲ್ ಎಲ್ಲಿ?"

ಇಷ್ಟಕ್ಕೆಲ್ಲ ಕಾರಣ ನನ್ನ ಸೋದರಳಿಯ. ತಂಗಿ ಹಬ್ಬಕ್ಕೆ ತವರಿಗೆ ಬರುವಾಗ ಬಾಗಿನದ ಮೊರದ ಜೊತೆಗೆ ಬೆಂಗಳೂರಿನಿಂದ ಈ ಮಗರಾಯನನ್ನೂ ಕರೆತಂದಿದ್ದಳು. ಸಾಫ್ಟ್‌ವೇರ್ ಕೆಲಸ. ಗಡ್ಡ. ಹಗಲು ಯಾವುದೋ ಕಂಪನಿಗೆ ದುಡಿಯುತ್ತಾನೆ, ರಾತ್ರಿ ಯಾರಿಗೋ ಏನೋ ಬರೆದು ಹಂಚುತ್ತಾನೆ. "ಹಂಚಿದ್ದಕ್ಕೆ ಏನು ಬರುತ್ತೋ?" ಎಂದರೆ "ಏನೂ ಇಲ್ಲ ಮಾವ" ಎನ್ನುತ್ತಾನೆ. ನಮ್ಮ ವಂಶದಲ್ಲಿ ಹಿಂದೆ ಒಬ್ಬರು ಸನ್ಯಾಸಿ ಆಗಿದ್ದರಂತೆ, ಅದು ಇಲ್ಲಿ ಹೀಗೆ ಕುಡಿಯೊಡೆದಿದೆ ಎಂದುಕೊಂಡಿದ್ದೆ. ಹಬ್ಬದ ಮಾರನೆಯ ದಿನ ಊಟವಾದ ಮೇಲೆ ನಿದ್ದೆ ಮಾಡುವುದು ಬಿಟ್ಟು ನನ್ನ ಜೊತೆ ಲೈಬ್ರರಿಗೆ ಬಂದ. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಕಂಪ್ಯೂಟರನ್ನು ನೋಡಿ, "ಇದಕ್ಕೆ ಏನಾಗಿದೆ?" ಎಂದ.

ಅದಕ್ಕೆ ಆಗಿದ್ದು ಇಷ್ಟು. 2004ರಲ್ಲಿ ಯುಜಿಸಿ ಅನುದಾನದಲ್ಲಿ 68,000 ರೂಪಾಯಿ ಕೊಟ್ಟು ನಾವೊಂದು ಲೈಬ್ರರಿ ಸಾಫ್ಟ್‌ವೇರ್ ಕೊಂಡಿದ್ದೆವು. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್ ಇದ್ದರೆ ಮಾತ್ರ ಅದು ಬಾಯಿ ಬಿಡುತ್ತಿತ್ತು. ಬಿ.ಕಾಂ. ಹುಡುಗಿಯರು ಎರಡು ವರ್ಷ ಕೂತು 11,000 ಪುಸ್ತಕಗಳ ವಿವರ ಕುಟ್ಟಿದರು. ಆಮೇಲೆ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ಆ ಡಾಂಗಲ್ ಚುಚ್ಚಲು ತೂತೇ ಇರಲಿಲ್ಲ. ಕಂಪನಿಗೆ ಫೋನು ಮಾಡಿದರೆ ಒಂದು ಬೇಕರಿಯವರು ಎತ್ತಿಕೊಂಡರು. 11,000 ಪುಸ್ತಕಗಳ ವಿವರ ಒಂದು ಡಬ್ಬಿಯೊಳಗೆ ಭದ್ರವಾಗಿತ್ತು, ಡಬ್ಬಿಯ ಬೀಗದ ಕೈ ಸತ್ತವರ ಜೊತೆ ಹೋಗಿತ್ತು. ನಾವು ಮತ್ತೆ ಅಕ್ಸೆಷನ್ ರಿಜಿಸ್ಟರಿನ ದಪ್ಪ ಪುಸ್ತಕಕ್ಕೆ ಮರಳಿದೆವು. ಅದಕ್ಕೆ ಡಾಂಗಲ್ ಬೇಡ. ಗೆದ್ದಲಿನ ಭಯ ಒಂದೇ.

ಈಗ ಸ್ವಾರಸ್ಯ ನೋಡಿ. ಆ 68,000ಕ್ಕೆ ಮೂರು ಕೊಟೇಶನ್ ಇತ್ತು. ಕಂಪ್ಯಾರಟಿವ್ ಸ್ಟೇಟ್‌ಮೆಂಟ್ ಇತ್ತು. ಕಮಿಟಿಯ ಐದು ಸಹಿ, ಬಿಲ್ಲು, ರಸೀತಿ, ಸ್ಟಾಕ್ ರಿಜಿಸ್ಟರಿನಲ್ಲಿ ಪುಟ ಸಂಖ್ಯೆ, ಎಲ್ಲವೂ ಇತ್ತು. ಸಾಫ್ಟ್‌ವೇರ್ ಒಂದು ಇರಲಿಲ್ಲ, ಅಷ್ಟೆ. ಪ್ರತಿ ವರ್ಷ ಆಡಿಟಿನವರು ಬಂದು ಆ ಪುಟ ನೋಡಿ ಹಸಿರು ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಹೋಗುತ್ತಿದ್ದರು. ಯಾರೂ ಯಾರನ್ನೂ ಒಂದು ಮಾತು ಕೇಳಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ, ಕಾಗದ ಸರಿಯಿತ್ತು. ಅಳಿಯ ಎರಡು ಗಂಟೆಯಲ್ಲಿ ಹಾಕಿಕೊಟ್ಟ ಕೋಹಾ ಮಾತ್ರ ಕಣ್ಣೆದುರಿಗೆ ಓಡುತ್ತಿತ್ತು, ಕನ್ನಡದಲ್ಲಿ ಹೆಸರು ಬರೆದರೆ ಕನ್ನಡದಲ್ಲೇ ಹುಡುಕಿ ಕೊಡುತ್ತಿತ್ತು. ಆದರೆ ಅದಕ್ಕೆ ಕಾಗದ ಇರಲಿಲ್ಲ. ಕಚೇರಿಯ ಲೆಕ್ಕದಲ್ಲಿ ಅದು ಹುಟ್ಟೇ ಇರಲಿಲ್ಲ.

"ಮೂರು ಕೊಟೇಶನ್ ತರಿಸಿ" ಎಂದರು ಮ್ಯಾನೇಜರರು.

"ಸೊನ್ನೆ ರೂಪಾಯಿಗಾ ಸಾರ್?"

"ಇನ್ನಿಬ್ಬರು ಸೊನ್ನೆಗಿಂತ ಜಾಸ್ತಿ ಬರೆದುಕೊಟ್ಟರೆ ಇದು ಎಲ್ ಒನ್, ಅಂದರೆ ಎಲ್ಲಕ್ಕಿಂತ ಕಡಿಮೆ ದರ, ಆಗುತ್ತೆ. ಆಗ ಮಾಡಬಹುದು."

ಹಾಸ್ಯ ಅಂದುಕೊಂಡೆ. ಅವರ ಮುಖದಲ್ಲಿ ನಗುವಿನ ಗೆರೆ ಇರಲಿಲ್ಲ.

ಆ ರಾತ್ರಿ ಅಳಿಯನಿಗೆ ಹೇಳಿದರೆ ಅವನು ಸಿಟ್ಟಾಗಿ ಭಾಷಣಕ್ಕೆ ನಿಂತ. ಜಗತ್ತಿನ 500 ಅತಿ ವೇಗದ ಸೂಪರ್ ಕಂಪ್ಯೂಟರುಗಳಲ್ಲಿ 400ಕ್ಕೂ ಹೆಚ್ಚು ನಡೆಯುವುದು ಲಿನಕ್ಸಿನ ಮೇಲೆ ಮಾವ, ಅದೂ ಕೋಹಾದ ಹಾಗೇ ಯಾರೊಬ್ಬರದೂ ಅಲ್ಲದ್ದು, ನಿಮ್ಮ ಮ್ಯಾನೇಜರ ಜೇಬಿನಲ್ಲಿರೋ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರೋದೂ ಲಿನಕ್ಸೇ, ಎಲ್‌ಐಸಿಯವರೂ ಲಿನಕ್ಸ್ ಬಳಸುತ್ತಾರೆ. (2017ರ ನವೆಂಬರಿನಿಂದ ಆ ಪಟ್ಟಿಯ 500ಕ್ಕೆ 500ರಲ್ಲೂ ಲಿನಕ್ಸೇ ಎಂದು ಆಮೇಲೆ ವಾಟ್ಸಪ್ಪಿನಲ್ಲಿ ಕಳಿಸಿದ, ಅಷ್ಟು ಹೊತ್ತಿಗೆ ನಮ್ಮ ಜಗಳ ಮುಗಿದಿತ್ತು.) ಮರುದಿನ ನಾನು ಇದನ್ನೆಲ್ಲ ಮ್ಯಾನೇಜರರಿಗೆ ಒಪ್ಪಿಸಿದೆ. ಅವರು ಕೇಳಿಸಿಕೊಂಡು, "ನಮ್ಮ ಕಾಲೇಜಲ್ಲಿ ಸೂಪರ್ ಕಂಪ್ಯೂಟರ್ ಇದೆಯೇನ್ರೀ?" ಎಂದರು.

ಆ ಪ್ರಶ್ನೆಯನ್ನು ನಾನು ಆಮೇಲೆ ಬಹಳ ದಿನ ಮೆಲುಕು ಹಾಕಿದ್ದೇನೆ. ಹೀಗೆ ಎಲ್ಲರದೂ ಆದ ಮುಕ್ತ ತಂತ್ರಾಂಶ ಸರ್ವರಿನ ಕೋಣೆಗೆ ಯಾವತ್ತೋ ಹೋಗಿ ಕೂತಿದೆ. ಬೆಂಗಳೂರಿನ ಎಷ್ಟು ಕಂಪನಿಗಳು ಅದನ್ನೇ ಉಂಡು ಬೆಳೆದಿವೆಯೋ ಲೆಕ್ಕವಿಲ್ಲ. ಅಲ್ಲಿ ಅದನ್ನು ಆರಿಸುವವನೂ ಬಳಸುವವನೂ ಒಬ್ಬನೇ, ಕಾಗದ ಕೇಳುವವರು ದೂರ. ಅದು ಸಿಕ್ಕಿಬೀಳುವುದು ಹೊಸ್ತಿಲು ದಾಟಿ ಟೈಪಿಸ್ಟಿನ ಮೇಜು, ಕ್ಯಾಷಿಯರಿನ ಮೇಜು, ಮ್ಯಾನೇಜರರ ಮೇಜಿನ ಕಡೆಗೆ ಬರುವಾಗ.

ಪದಗಳ ವಿಷಯಕ್ಕೆ ಒಂದು ನಿಮಿಷ ಬರುತ್ತೇನೆ. ಲೈಬ್ರರಿಯಲ್ಲಿ ಮೂವತ್ತು ವರ್ಷ ಕೂತವನಿಗೆ ನಿಘಂಟಿನ ಚಟ ಬಿಡುವುದಿಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಚಳವಳಿ ಶುರುಮಾಡಿದಾಗಿನಿಂದ ಇಂಗ್ಲಿಷಿನ 'ಫ್ರೀ' ಎಂಬ ಒಂದೇ ಪದದ ಜೊತೆ ಹೆಣಗುತ್ತಿದ್ದಾರೆ: ನಾನು ಹೇಳುವುದು ಸ್ವಾತಂತ್ರ್ಯದ ಮಾತು, ಬೆಲೆಯ ಮಾತಲ್ಲ ಎಂದು ಪ್ರತಿ ಊರಿನಲ್ಲೂ ವಿವರಿಸಬೇಕು. ನಮಗೆ ಆ ಬಡತನ ಇಲ್ಲ. ಸ್ವಾತಂತ್ರ್ಯಕ್ಕೆ 'ಮುಕ್ತ' ಇದೆ. ದುಡ್ಡಿಲ್ಲದ್ದಕ್ಕೆ ಉಚಿತ, ಪುಕ್ಕಟೆ, ಬಿಟ್ಟಿ, ಧರ್ಮಕ್ಕೆ ಎಂದು ಸಾಲು ಸಾಲು ಇವೆ, ಒಂದೊಂದಕ್ಕೂ ಬೇರೆ ಬೇರೆ ಮುಖಭಾವ. 'ಉಚಿತ' ಮರ್ಯಾದಸ್ಥ, ಸರ್ಕಾರ ಕೊಡುವುದು, ಆಸ್ಪತ್ರೆ ಶಿಬಿರದಲ್ಲಿ ಸಿಗುವುದು. 'ಪುಕ್ಕಟೆ'ಯಲ್ಲಿ ಸಿಕ್ಕವನ ಖುಷಿ ಇದೆ. 'ಬಿಟ್ಟಿ' ಅಂದರೆ ಮುಗಿಯಿತು, ವಸ್ತುವಿನ ಮರ್ಯಾದೆಯೂ ಹೋಯಿತು, ತಗೊಂಡವನದ್ದೂ ಹೋಯಿತು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಮಾತೇ ಇದೆಯಲ್ಲ.

ಆದರೆ ಬಿಟ್ಟಿಗೆ ಇನ್ನೊಂದು ಬೆನ್ನಿದೆ. ಅದು ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಬಿಟ್ಟಿ ಚಾಕರಿ ಎನ್ನುತ್ತೇವಲ್ಲ, ಅದು. ಹೀಗೆ ಒಂದೇ ಪದ ಒಂದು ಕಡೆಯಿಂದ ನೋಡಿದರೆ ತಗೊಳ್ಳುವವನ ಲಾಭ, ಇನ್ನೊಂದು ಕಡೆಯಿಂದ ನೋಡಿದರೆ ದುಡಿದವನ ಬೆವರು. ನನ್ನ ಅಳಿಯ ರಾತ್ರಿ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ ಅಂದುಕೊಂಡಿದ್ದೆ. ಇದೆ. ಆದರೆ ಅದನ್ನು ತಂಗಿಯ ಎದುರು ಹೇಳುವ ಧೈರ್ಯ ನನಗಿಲ್ಲ.

ಕೋಹಾ ಎಂಬ ಪದವೇನು ಎಂದು ಹುಡುಕಿದಾಗ ಮಾತ್ರ ನನಗೆ ಬೇರೆಯೇ ಬಾಗಿಲು ತೆರೆಯಿತು. ಅದು ನ್ಯೂಜಿಲೆಂಡಿನ ಮಾವೋರಿ ಜನರ ಮಾತು. ಆ ದೇಶದಲ್ಲಿ ಲೆವಿನ್ ಅಂತ ಒಂದು ಚಿಕ್ಕ ಊರಿದೆ. ಹೊರೊವೆನುವಾ ಎಂಬ ಜಿಲ್ಲೆ. ಅಲ್ಲಿನ ಲೈಬ್ರರಿ ಟ್ರಸ್ಟಿನವರಿಗೆ 1999ರಲ್ಲಿ ನಮ್ಮಂಥದ್ದೇ ಸಂಕಟ. ಅವರ ಹಳೆಯ ಸಾಫ್ಟ್‌ವೇರು 2000ನೇ ಇಸವಿ ಹುಟ್ಟಿದರೆ ತಾರೀಖು ಗೊತ್ತಾಗದೆ ಕಕ್ಕಾಬಿಕ್ಕಿಯಾಗುತ್ತಿತ್ತು. ಹೊಸದು ಕೊಳ್ಳೋಣವೆಂದರೆ ಅವರ ಅಳತೆಗೆ ಹೊಂದುವುದು ಇಲ್ಲ. ಕಟಿಪೋ ಎಂಬ ಒಂದು ಪುಟ್ಟ ಕಂಪನಿಯನ್ನು ಕರೆದು, ನಮಗೊಂದು ಬರೆದುಕೊಡಿ ಎಂದರು. 2000ದ ಜನವರಿ 3ರಂದು ಅದು ಚಾಲೂ ಆಯಿತು. ಬರೆಸಿದ ಖರ್ಚು ಅವರದ್ದೇ. ಬೇಕಿದ್ದರೆ ಬೀಗ ಹಾಕಿ ಮಾರಬಹುದಿತ್ತು. ಅವರು ಅದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಜಗತ್ತಿಗೇ ಬಿಟ್ಟುಬಿಟ್ಟರು. ದಾನಶೂರರೆಂದು ಅಲ್ಲ. ಒಂದು ಸಣ್ಣ ಊರಿನ ಲೈಬ್ರರಿ ಒಂದು ಸಾಫ್ಟ್‌ವೇರನ್ನು ಒಂಟಿಯಾಗಿ ಎಷ್ಟು ದಿನ ಸಾಕೀತು? ನಾಲ್ಕು ಜನ ಬಳಸಿದರೆ ನಾಲ್ಕು ಜನ ರಿಪೇರಿಗೂ ಬರುತ್ತಾರೆ. ಬೇಸಾಯದ ಬುದ್ಧಿ.

ಕೋಹಾ ಎಂದರೆ ಉಡುಗೊರೆ, ಆದರೆ ಮರಳಿಸುವ ನಿರೀಕ್ಷೆ ಒಳಗೇ ಇರುವ ಉಡುಗೊರೆ. ಓದಿದ ಕೂಡಲೆ, ಅಯ್ಯೋ ಇದು ನಮ್ಮ ಮುಯ್ಯಿ ಅಲ್ಲವೇ ಅನ್ನಿಸಿತು. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರು ಚಪ್ಪರದ ಬಾಗಿಲಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದರು. ಯಾರು ಎಷ್ಟು ಎಂದು ಬರೆದುಕೊಂಡದ್ದು ಆ ಮನೆಯವರ ಮದುವೆಗೆ ಅಷ್ಟೇ, ಸಾಧ್ಯವಾದರೆ ಒಂದು ರೂಪಾಯಿ ಹೆಚ್ಚೇ, ವಾಪಸು ಹೋಗುತ್ತಿತ್ತು. ಹೊಲದಲ್ಲಿ ಮುಯ್ಯಾಳು. ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಡಿದ್ದು ನನ್ನದಕ್ಕೆ ನೀನು ಬಾ. ದುಡ್ಡಿನ ಮಾತಿಲ್ಲ, ಆದರೆ ಬಿಟ್ಟಿಯೂ ಅಲ್ಲ. ಬಾರದೆ ತಪ್ಪಿಸಿಕೊಂಡವನ ಹೆಸರು ಊರಿಗೆಲ್ಲ ಗೊತ್ತು. (ಮುಯ್ಯಿಗೆ ಮುಯ್ಯಿ ಎಂದು ಸೇಡು ತೀರಿಸಿಕೊಳ್ಳುವುದಕ್ಕೂ ಇದೇ ಪದ. ಎರಡರಲ್ಲೂ ನೆನಪು ಗಟ್ಟಿ ಇರಬೇಕು.) ಅಳಿಯನ ಗುಂಪಿನವರು ಮಾಡುತ್ತಿರುವುದು ಮುಯ್ಯಾಳಿನ ನಾಟಿ. ಗದ್ದೆ ಮಾತ್ರ ಜಗತ್ತಿನಷ್ಟು ಅಗಲ.

ಮ್ಯಾನೇಜರರಿಗೆ ಇದನ್ನು ವಿವರಿಸಬಹುದಿತ್ತು. ಅವರೂ ಮಂಡ್ಯದ ಕಡೆಯವರು, ಗದ್ದೆ ಕಂಡವರು. ತೊಂದರೆ ಏನೆಂದರೆ ಮುಯ್ಯಿ ಮನೆಗಳ ನಡುವೆ ನಡೆಯುತ್ತದೆ. ಕಚೇರಿ ಎನ್ನುವುದು ಮನೆಯಲ್ಲ. ಅದಕ್ಕೆ ಇನ್‌ವರ್ಡ್ ಇದೆ, ಔಟ್‌ವರ್ಡ್ ಇದೆ, ಖರೀದಿ ಇದೆ, ವಿಲೇವಾರಿ ಇದೆ. ಮುಯ್ಯಿಗೆ ಕಾಲಂ ಇಲ್ಲ.

ಈ ಮಧ್ಯೆ ಪ್ರಿನ್ಸಿಪಾಲರಿಗೆ ನನ್ನ ಉತ್ಸಾಹ ಅಂಟಿತು. ಅವರು ಫಿಸಿಕ್ಸಿನವರು, ಪ್ರಯೋಗ ಅಂದರೆ ಎದ್ದು ಕೂರುವವರು. ಲೈಬ್ರರಿ ಇರಲಿ, ಆಫೀಸಿನಲ್ಲೇ ಒಂದು ಕಂಪ್ಯೂಟರಿಗೆ ಲಿನಕ್ಸೂ ಕಾಗದಪತ್ರ ಬರೆಯುವ ಲಿಬ್ರೆ ಆಫೀಸೂ ಹಾಕಿ ನೋಡೋಣ ಎಂದರು. ವರ್ಷಕ್ಕೆ ಎಷ್ಟು ಉಳಿತಾಯ ಆಗುತ್ತೆ ಲೆಕ್ಕ ಹಾಕಿ ಎಂದರು. ಲೆಕ್ಕ ಹಾಕಿದೆ. ಉಳಿತಾಯ ಸೊನ್ನೆ ಬಂತು. ಯಾಕೆಂದರೆ ಆಫೀಸಿನ ಐದೂ ಕಂಪ್ಯೂಟರುಗಳಲ್ಲಿ ಇದ್ದ ಸಾಫ್ಟ್‌ವೇರಿಗೆ ನಾವು ಚಿಕ್ಕಾಸೂ ಕೊಟ್ಟಿರಲಿಲ್ಲ! ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿ ಹುಡುಗ ತೆಂಗಿನಕಾಯಿ ಜೊತೆ ಬಾಳೆಹಣ್ಣು ಇಟ್ಟ ಹಾಗೆ ಎಲ್ಲವನ್ನೂ ತುಂಬಿಯೇ ಕೊಟ್ಟಿದ್ದ. ಮುಕ್ತ ತಂತ್ರಾಂಶದವರು ದುಬಾರಿ ತಂತ್ರಾಂಶದ ಜೊತೆ ಸ್ಪರ್ಧೆಗೆ ಬಂದಿದ್ದೇವೆ ಎಂದುಕೊಂಡು ಬರುತ್ತಾರೆ. ನಮ್ಮಂಥ ಊರುಗಳಲ್ಲಿ ಅವರ ಎದುರಾಳಿ ಕದ್ದ ಮಾಲು. ಅದಕ್ಕೂ ಬೆಲೆ ಸೊನ್ನೆ, ಮೇಲಾಗಿ ಅದು ಎಲ್ಲರಿಗೂ ಅಭ್ಯಾಸವಾಗಿದೆ. ಕಾನೂನಿನ ಮಾತೆತ್ತಿದರೆ ಎಲ್ಲರೂ ಗೋಡೆಯ ಮೇಲಿನ ಗಾಂಧೀಜಿಯ ಫೋಟೋ ನೋಡುತ್ತಾರೆ. ಆ ಸಾಫ್ಟ್‌ವೇರಿಗೂ ಬಿಲ್ ಇರಲಿಲ್ಲ ಎನ್ನುವುದನ್ನು ಮ್ಯಾನೇಜರರ ಗಮನಕ್ಕೆ ತಂದೆ. "ಅದು ಕಂಪ್ಯೂಟರಿನ ಬಿಲ್ಲಲ್ಲೇ ಬಂತು" ಎಂದರು. ಡಬ್ಬ ಕೊಂಡರೆ ಒಳಗಿನದೂ ಕೊಂಡ ಹಾಗೆ. ಒಪ್ಪಬೇಕಾದ ಮಾತು.

ಪ್ರಯೋಗಕ್ಕೆ ಸಿಕ್ಕವರು ನಮ್ಮ ಎಸ್‌ಡಿಎ ಮೇಡಂ. ಇಡೀ ಕಾಲೇಜಿನ ಪತ್ರವ್ಯವಹಾರ ಅವರ ಹತ್ತು ಬೆರಳುಗಳ ಮೇಲೆ ನಿಂತಿತ್ತು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆ ಬಂದದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ. ಅದರಲ್ಲಿ ಕಣ್ಣು ಮುಚ್ಚಿ ಹೊಡೆಯುತ್ತಿದ್ದರು. ನುಡಿಯನ್ನು ಸರ್ಕಾರವೇ ಕಚೇರಿಗಳಿಗೆ ಉಚಿತವಾಗಿ ಹಂಚಿತ್ತು. ಅದು ಉಚಿತ, ಆದರೆ ಮುಕ್ತವಲ್ಲ. ಈ ಎರಡರ ನಡುವಿನ ಅಂತರ ನಾನು ನಿಘಂಟಿನಲ್ಲಿ ಓದಿದ್ದೆ, ಮೇಡಂನ ಮೇಜಿನ ಹತ್ತಿರ ಅನುಭವಿಸಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ ಕನ್ನಡದ ಒಂದೊಂದು ತುಂಡನ್ನೂ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂರಿಸಿರುತ್ತಾರೆ. ಆ ಫಾಂಟು ಇರುವ ತನಕ ಕನ್ನಡ; ಇಲ್ಲದ ಕಡೆ ಅದೇ ಕಾಗದ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕಿ, ಟೋಪಿ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಮೇಡಂ ಹತ್ತು ವರ್ಷದಲ್ಲಿ ಹೊಡೆದ ಸರ್ಕ್ಯುಲರು, ವರ್ಗಾವಣೆ ಪತ್ರ, ಸ್ಟಡಿ ಸರ್ಟಿಫಿಕೇಟು ಎಲ್ಲವೂ ಆ ಬಾಡಿಗೆ ಮನೆಯಲ್ಲಿದ್ದವು. ಲಿನಕ್ಸಿನಲ್ಲಿ ತೆರೆದರೆ ಜಾತ್ರೆ.

ಫಾಂಟನ್ನು ತಂದು ಹಾಕಿದೆವು. ಅಕ್ಷರ ಬಂದವು, ಒತ್ತಕ್ಷರ ಅರ್ಧ ಇಂಚು ಆಚೆ ಕೂತವು. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಬರೆದು ಮುಕ್ತವಾಗಿ ಇಟ್ಟಿದ್ದಾರೆ. ಅಳಿಯ ಒಂದನ್ನು ಕಳಿಸಿದ. ಪತ್ರದ ಮಾತೆಲ್ಲ ಬದಲಾಯಿತು. ಪಟ್ಟಿಯೊಳಗಿನ ಇಂಗ್ಲಿಷ್ ಹೆಸರುಗಳೂ ಕನ್ನಡವೆಂದು ತಿಳಿದು ಅವೂ ಬದಲಾದವು. ಅಷ್ಟರಲ್ಲಿ ಜಂಟಿ ನಿರ್ದೇಶಕರ ಕಚೇರಿಯಿಂದ ಒಂದು ನಮೂನೆ ಬಂತು, ಸಂಜೆ ಐದರೊಳಗೆ ತುಂಬಿ ಕಳಿಸಬೇಕು. ಹದಿನಾಲ್ಕು ಕಾಲಂ. ಲಿಬ್ರೆ ಆಫೀಸಿನಲ್ಲಿ ತೆರೆದರೆ ಹದಿಮೂರು ಕಾಲಂ ಹಾಳೆಯ ಮೇಲೆ, ಹದಿನಾಲ್ಕನೆಯದು ಹಾಳೆ ದಾಟಿ ಬೀದಿಯಲ್ಲಿ. ಮೇಡಂ ಕಣ್ಣಲ್ಲಿ ನೀರು.

"ಲೈಬ್ರರಿ ಸಾರ್, ನೀವು ದೊಡ್ಡವರು, ಬೇಜಾರು ಮಾಡ್ಕೋಬೇಡಿ. ನನಗೆ ನನ್ನ ಹಳೇದು ಹಾಕ್ಕೊಟ್ಟುಬಿಡಿ. ನಿಮ್ಮ ಪ್ರಯೋಗ ಸರಿ, ಐದು ಗಂಟೆಗೆ ಬೈಸ್ಕೊಳ್ಳೋಳು ನಾನು."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಹೊಸದನ್ನು ತರುವ ಹೆಗ್ಗಳಿಕೆ ಪ್ರಿನ್ಸಿಪಾಲರಿಗೆ, ಮಾತಾಡುವ ಸಂತೋಷ ನನಗೆ, ಬೈಗುಳ ಮೇಡಂಗೆ. ಬಲ್ಲವರು ಇದನ್ನು ಬದಲಾವಣೆಗೆ ಸಿಬ್ಬಂದಿಯ ವಿರೋಧ ಎಂದು ವರದಿಗಳಲ್ಲಿ ಬರೆಯುತ್ತಾರೆ. ಆಕೆ ವಿರೋಧಿಸಿದ್ದು ಬದಲಾವಣೆಯನ್ನಲ್ಲ, ಐದು ಗಂಟೆಯನ್ನು. ಅವರ ಪಕ್ಕದ ಮೇಜಿನ ಕ್ಯಾಷಿಯರರ ಬಳಿಗಂತೂ ನಾನು ಹೋಗಲೇ ಇಲ್ಲ. ಅವರು ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ಭಕ್ತರು. ಅದು ವಿಂಡೋಸ್ ಬಿಟ್ಟು ಅಲುಗದು. ಆದಾಯ ತೆರಿಗೆಯವರ ರಿಟರ್ನ್ ತುಂಬುವ ಹಾಳೆಯೂ ಆಗ ಎಕ್ಸೆಲ್ಲಿನ ಮ್ಯಾಕ್ರೋ ಹೊತ್ತೇ ಬರುತ್ತಿತ್ತು.

ದೊಡ್ಡವರ ಮನೆಯ ದೋಸೆಯೂ ತೂತೇ ಎಂಬ ಸಮಾಧಾನ ಸಿಕ್ಕಿದ್ದು ಜರ್ಮನಿಯ ಮ್ಯೂನಿಕ್ ನಗರದ ಕಥೆ ಓದಿದಾಗ. 2003ರಲ್ಲಿ ಆ ನಗರಸಭೆ ವಿಂಡೋಸ್ ಬಿಟ್ಟು ಲಿನಕ್ಸಿಗೆ ಹೋಗಲು ಹೊರಟಿತು. ಮೈಕ್ರೋಸಾಫ್ಟಿನ ಆಗಿನ ಯಜಮಾನ ಸ್ಟೀವ್ ಬಾಮರ್ ಹಿಮದಲ್ಲಿ ಸ್ಕೀ ಆಡುತ್ತಿದ್ದ ರಜೆಯನ್ನು ಅರ್ಧಕ್ಕೆ ಬಿಟ್ಟು ಮೇಯರ್ ಕ್ರಿಸ್ಟಿಯಾನ್ ಊಡೆಯವರನ್ನು ಕಾಣಲು ಓಡಿಬಂದರು. ನಮ್ಮ ಕಾಲೇಜಿಗೆ ಅಂಥವರು ಯಾರೂ ಓಡಿಬರಲಿಲ್ಲ, ಹೇಳಿಬಿಡುತ್ತೇನೆ. ಮೇಯರ್ ಬಗ್ಗಲಿಲ್ಲ. ಹತ್ತು ವರ್ಷ ಹಿಡಿಯಿತು. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳು ಬದಲಾದವು. ಮರುವರ್ಷ ಮೇಯರ್ ಬದಲಾದರು. 2017ರಲ್ಲಿ ಸಭೆ ಮತ್ತೆ ಕೂತು ವಿಂಡೋಸಿಗೇ ಮರಳೋಣ ಎಂದು ಮತ ಹಾಕಿತು. 2020ರಲ್ಲಿ ಇನ್ನೊಂದು ಮೈತ್ರಿಕೂಟ ಬಂದು, ಸಾಧ್ಯವಾದ ಕಡೆಯೆಲ್ಲ ಮುಕ್ತ ತಂತ್ರಾಂಶವೇ ಇರಲಿ ಎಂದಿತು. ಸಿಬ್ಬಂದಿಯ ದೂರುಗಳು ಇದ್ದವು, ನಿಜ: ಮೇಲು, ಕ್ಯಾಲೆಂಡರು, ಹೊರಗಿನಿಂದ ಬಂದ ಕಾಗದದ ಹಾಳೆ ದಾಟಿದ ಕಾಲಮ್ಮು. ಅಲ್ಲಿಯೂ ಒಬ್ಬ ಮೇಡಂ, ಅಲ್ಲಿಯೂ ಒಂದು ಐದು ಗಂಟೆ ಇದ್ದಿರಲೇಬೇಕು. ಆದರೆ ಲಿನಕ್ಸಿನ ಹಣೆಬರಹ ಬರೆದದ್ದು ಯಾರು ಮೇಯರ್ ಎನ್ನುವ ಪ್ರಶ್ನೆ. ನಮ್ಮಲ್ಲೂ ಫಿಸಿಕ್ಸಿನ ಪ್ರಿನ್ಸಿಪಾಲರು ನಿವೃತ್ತರಾದ ಮಾರನೆಯ ವಾರ ಆ ಕಂಪ್ಯೂಟರಿಗೆ ಅಂಗಡಿ ಹುಡುಗ ಬಂದು ಹೋದ.

ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಎಂಬ ಸರ್ಕಾರಿ ಯೋಜನೆ, ಈಗ ಅದು ಕೈಟ್, ಶಾಲೆಗಳ ಕಂಪ್ಯೂಟರುಗಳನ್ನೆಲ್ಲ ಲಿನಕ್ಸಿಗೆ ತಂದಿತು. ಅವರು ಮೊದಲು ಮೇಷ್ಟರುಗಳನ್ನು ಹಿಡಿದರು. ಮೇಷ್ಟರೇ ಮೇಷ್ಟರಿಗೆ ಕಲಿಸಿದರು, ಪಠ್ಯಪುಸ್ತಕ ಅದಕ್ಕೇ ಬರೆದರು, ಹತ್ತನೇ ತರಗತಿಯ ಪರೀಕ್ಷೆಯೂ ಅದರ ಮೇಲೇ. ಅಲ್ಲಿ ಕೆಟ್ಟರೆ ಕೇಳಲು ಪಕ್ಕದ ಶಾಲೆಯ ಮೇಷ್ಟರಿದ್ದಾರೆ. ನಮ್ಮ ಮೇಡಂಗೆ ಇದ್ದದ್ದು ನಾನು. ನನಗೆ ಇದ್ದದ್ದು ಅಳಿಯನ ಫೋನ್ ನಂಬರು. ಅವನು ಆ ಹೊತ್ತಿನಲ್ಲಿ ಮೀಟಿಂಗಿನಲ್ಲಿ.

2015ರಲ್ಲಿ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂಬ ನೀತಿ ಹೊರಡಿಸಿದಾಗ ನಾನು ಅದರ ಪ್ರಿಂಟ್ ತೆಗೆದು, ಮೂಲೆಗೆ ಅರಿಶಿನ ಹಚ್ಚುವುದೊಂದು ಬಾಕಿ, ಮ್ಯಾನೇಜರರ ಮೇಜಿಗೆ ಒಯ್ದೆ. ಅವರು ನಿಧಾನವಾಗಿ ಓದಿದರು. ಇಡೀ ಕಾಲೇಜಿನಲ್ಲಿ ಸರ್ಕಾರಿ ಆದೇಶವನ್ನು ಕೊನೆಯ ಸಾಲಿನವರೆಗೆ ಓದುವ ಏಕೈಕ ವ್ಯಕ್ತಿ. ಆಮೇಲೆ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದರು. "ಇದು ಕೇಂದ್ರದ ಕಚೇರಿಗಳಿಗೆ. ರಾಜ್ಯದವರು ಇಷ್ಟಪಟ್ಟರೆ ಮಾತ್ರ. ನಮಗೆ ಅನ್ವಯ ಆಗಲ್ಲ." ಗೆರೆ ಎಳೆದದ್ದು ಸರಿಯಾದ ಸಾಲಿನ ಕೆಳಗೇ.

ಅವತ್ತು ಅವರು ತಮ್ಮ ನಿಜವಾದ ಪ್ರಶ್ನೆ ಕೇಳಿದರು. ಬಿಲ್ಲಿನ ಹಿಂದೆ ಅಡಗಿದ್ದ ಪ್ರಶ್ನೆ. "ನೋಡ್ರೀ, ನಾಳೆ ಇದು ಕೆಟ್ಟು ನಿಂತಿತು ಅಂದ್ಕೊಳ್ಳಿ. ನಾನು ಯಾರ ಕೊರಳಪಟ್ಟಿ ಹಿಡೀಲಿ? ಬಿಲ್ ಅನ್ನೋದು ದುಡ್ಡಿನ ಕಾಗದ ಅಲ್ಲ, ಅದರಲ್ಲಿ ಒಂದು ವಿಳಾಸ ಇರುತ್ತೆ."

ನಾನು 68,000ದ ಕಥೆ ನೆನಪಿಸಬಹುದಿತ್ತು. ಆ ವಿಳಾಸದಲ್ಲಿ ಈಗ ಬನ್ನು ಸಿಗುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರಿನ ಕರಾರಿನಲ್ಲೂ, ನಷ್ಟವಾದರೆ ನಾವು ಹೊಣೆಯಲ್ಲ ಎಂದು ಇರುವೆ ಅಕ್ಷರದಲ್ಲಿ ಬರೆದೇ ಇರುತ್ತದೆ. ಎಲ್ಲರೂ ಓದದೆ 'ಒಪ್ಪಿದೆ' ಒತ್ತುತ್ತೇವೆ. ಆದರೆ ಅವರ ಮಾತಿನಲ್ಲಿ ಹುರುಳಿತ್ತು. ನಿವೃತ್ತನಾದ ಮೇಲೆ, 2024ರಲ್ಲಿ, ಎಕ್ಸ್‌ಝಡ್ ಎಂಬ ಪುಟ್ಟ ಸಲಕರಣೆಯ ಸುದ್ದಿ ಓದಿ ನಾನು ಮ್ಯಾನೇಜರರನ್ನು ನೆನೆದೆ. ಫೈಲುಗಳನ್ನು ಹಿಂಡಿ ಚಿಕ್ಕದು ಮಾಡುವ ಸಾಧನ ಅದು, ಜಗತ್ತಿನ ಲೆಕ್ಕವಿಲ್ಲದಷ್ಟು ಲಿನಕ್ಸ್ ಯಂತ್ರಗಳೊಳಗೆ ಕೂತಿದೆ. ನೋಡಿಕೊಳ್ಳುತ್ತಿದ್ದವನು ಒಬ್ಬನೇ, ಬಿಡುವಿನ ವೇಳೆಯಲ್ಲಿ, ಬಸವಳಿದು. ಸಹಾಯಕ್ಕೆ ಬಂದೆ ಎಂದು ಒಬ್ಬ ಅಪರಿಚಿತ ಬಂದ. ಎರಡು ವರ್ಷ ನಿಷ್ಠೆಯಿಂದ ಕಳೆ ಕಿತ್ತ, ನಂಬಿಕೆ ಗಳಿಸಿದ, ಆಮೇಲೆ ಹಿತ್ತಿಲಿನಲ್ಲೊಂದು ಗುಪ್ತ ಬಾಗಿಲು ಕೊರೆದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಯಾಕೆ ಎಂದು ಕೆದಕಿ ಅದನ್ನು ಹಿಡಿದರು. ಅವರು ಕೆಲಸ ಮಾಡುತ್ತಿದ್ದುದು ಮೈಕ್ರೋಸಾಫ್ಟಿನಲ್ಲಿ! ಸ್ಕೀ ಬಿಟ್ಟು ಓಡಿಬಂದವರ ಮನೆಯಲ್ಲೇ. ತಂತ್ರಾಂಶದ ಮೂಲ ಬರಹ ಎಲ್ಲರ ಕಣ್ಣಿಗೂ ತೆರೆದಿದ್ದರಿಂದಲೇ ಸಿಕ್ಕಿತು ಎಂದು ಅಳಿಯ ಹೇಳುತ್ತಾನೆ. ಇರಬಹುದು. ನನಗೆ ಕಾಣುವುದು ಆ ಒಬ್ಬನೇ ಒಬ್ಬ ಬಸವಳಿದವನು. ಅವನ ಬೆಳೆ ಉಂಡ ಕಂಪನಿ ಎಷ್ಟು, ಸರ್ಕಾರ ಎಷ್ಟು. ನಾಟಿಗೆ ಬಂದವರು ಯಾರೂ ಇಲ್ಲ, ಬಂದವನೊಬ್ಬ ಕಳ್ಳ. ಈಚೆಗೆ ಕೆಲವರಿಗೆ ನಾಚಿಕೆ ಬಂದಂತಿದೆ. ನಮ್ಮ ಬೆಂಗಳೂರಿನದೇ ಝೆರೋಧಾ ಕಂಪನಿ ಅದೇ ವರ್ಷ ಇಂಥ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ತೆರೆಯಿತು.

ನಮ್ಮ ಕೋಹಾಕ್ಕೆ ಕೊನೆಗೂ ಬಾಗಿಲು ತೆರೆದದ್ದು ನೀತಿಯಿಂದಲೂ ಅಲ್ಲ, ನನ್ನ ವಾದದಿಂದಲೂ ಅಲ್ಲ. ಜಿಲ್ಲಾ ಕೇಂದ್ರದಲ್ಲಿ ಇಬ್ಬರು ಹುಡುಗರು ಒಂದು ಝೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಕೂತು ಕೋಹಾ ಹಾಕಿಕೊಡುವ, ನೋಡಿಕೊಳ್ಳುವ ಕೆಲಸ ಶುರುಮಾಡಿದ್ದರು. ಸಾಫ್ಟ್‌ವೇರ್ ಸೊನ್ನೆ, ವರ್ಷಕ್ಕೆ ಎಎಂಸಿ 12,000. ಅವರನ್ನು ಕರೆತಂದೆ. ಒಬ್ಬ ಹುಡುಗ ಮ್ಯಾನೇಜರರ ಎದುರು ಒಂದು ಕೊಟೇಶನ್ ಇಟ್ಟ. ಲೆಟರ್‌ಹೆಡ್, ಸೀಲು, ವಿಳಾಸ, ಪಾನ್ ನಂಬರು. ಮ್ಯಾನೇಜರರ ಮುಖದಲ್ಲಿ ಮೂರು ವರ್ಷದಲ್ಲಿ ನಾನು ಕಾಣದ ಕಳೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನವರು ಬರುವ ಹೊತ್ತೂ ಹತ್ತಿರವಿತ್ತು. ಅವರ ನಮೂನೆಯಲ್ಲಿ ಲೈಬ್ರರಿ ಸಾಫ್ಟ್‌ವೇರಿನ ಹೆಸರೇನು, ಪೂರ್ತಿಯೋ ಭಾಗಶಃವೋ, ಆವೃತ್ತಿ ಎಷ್ಟು, ಯಾವ ವರ್ಷದಿಂದ ಎಂದೆಲ್ಲ ಕಾಲಂ ಇದ್ದವು. ಫೈಲು ಒಂದೇ ದಿನದಲ್ಲಿ ಐದು ಸಹಿ ಪಡೆಯಿತು. ಉಚಿತವಾಗಿದ್ದಾಗ ಮೂರು ವರ್ಷ ಒಳಗೆ ಬರಲಾಗದ್ದು 12,000 ರೂಪಾಯಿ ಬೆಲೆ ಕಟ್ಟಿಸಿಕೊಂಡ ಮೇಲೆ ಮೇಳದ ಸಮೇತ ಒಳಗೆ ಬಂತು. ಹುಡುಗರು ಒಳ್ಳೆಯವರು, ಫೋನು ಮಾಡಿದರೆ ಎತ್ತುತ್ತಾರೆ, ಬೇಕರಿ ಇಟ್ಟಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಮ್ಯಾನೇಜರರು ತಮ್ಮ ದುಂಡು ಅಕ್ಷರದಲ್ಲಿ ಬರೆದರು: "ಕೋಹಾ – 1 ನಂಬರ್."

ಆಮೇಲೊಂದು ಸಣ್ಣ ಘಟನೆ ನಡೆಯಿತು. ಕೋಹಾದ ಪರದೆಯ ಮೇಲಿನ ಕನ್ನಡದಲ್ಲಿ ಕೆಲವು ಮಾತುಗಳು ಇನ್ನೂ ಇಂಗ್ಲಿಷಾಗಿಯೇ ಉಳಿದಿದ್ದವು, ಕೆಲವು ನಗು ಬರುವಂತಿದ್ದವು. ಅನುವಾದ ಮಾಡುವುದೂ ಅಲ್ಲಿ ಎಲ್ಲರಿಗೂ ತೆರೆದ ಕೆಲಸ ಎಂದು ಅಳಿಯ ತೋರಿಸಿಕೊಟ್ಟ. ಮಧ್ಯಾಹ್ನ ಹುಡುಗರ ಗಲಾಟೆ ಇಲ್ಲದ ಹೊತ್ತಿನಲ್ಲಿ ಕೂತು ಒಂದು ತಿಂಗಳಲ್ಲಿ ಇನ್ನೂರು ಚಿಲ್ಲರೆ ಮಾತುಗಳನ್ನು ತಿದ್ದಿದೆ. ಕಚೇರಿ ವೇಳೆಯಲ್ಲಿ ಮಾಡಿದ ಕೆಲಸ, ಹೇಳದೆ ಇರಬಾರದು ಎಂದು ಮ್ಯಾನೇಜರರಿಗೆ ತಿಳಿಸಿದೆ. ಬೈಯಬಹುದು ಎಂದಿದ್ದೆ. ಅವರು ಬಹಳ ಹೊತ್ತು ಯೋಚಿಸಿದರು.

"ಅವರಿಂದ ನಾವು ತಗೊಂಡಿದ್ದೀವಿ. ಈಗ ನಮ್ಮಿಂದ ಅವರಿಗೆ ಹೋಗಿದೆ."

"ಹೌದು ಸಾರ್."

"ಹಾಗಾದರೆ ಔಟ್‌ವರ್ಡಲ್ಲಿ ಎಂಟ್ರಿ ಆಗಬೇಕಲ್ರೀ."

ರಿಜಿಸ್ಟರ್ ಎಳೆದುಕೊಂಡು ಕ್ರಮಸಂಖ್ಯೆ ಹಾಕಿ, ತಾರೀಖು ಹಾಕಿ, ತಲೆ ಎತ್ತಿದರು.

"ಯಾರಿಗೆ ಅಂತ ಬರೀಲಿ?"

ಒಂದು ಕ್ಷಣ ತಡವರಿಸಿದೆ. "ಲೆವಿನ್, ನ್ಯೂಜಿಲೆಂಡ್" ಎಂದೆ. ಅವರು ಹಾಗೇ ಬರೆದುಕೊಂಡರು. ಆಮೇಲೆ ಪೆನ್ನು ಕೊನೆಯ ಕಾಲಮ್ಮಿಗೆ ಬಂದು ನಿಂತಿತು.

"ಸ್ಟಾಂಪು ಎಷ್ಟು?"

"ಸೊನ್ನೆ ಸಾರ್."

ಮ್ಯಾನೇಜರರು ಕನ್ನಡಕ ತೆಗೆದರು.